ಫೋಲ್ಡೇ ಮಾಡದವನ ಮುಂದೆ ಬ್ಲಫ್ ಯಾಕೆ ಗುರು?

ಹಾಸ್ಟೆಲ್‌ನಲ್ಲಿ ಪೋಕರ್ ಆಡುವವರ ಬಾಯಲ್ಲಿ ಒಂದು ಕಂಪ್ಲೇಂಟ್ ಯಾವಾಗಲೂ ಇರುತ್ತೆ. "ಇವರ ಜೊತೆ ಆಡೋಕೇ ಆಗಲ್ಲ ಮಗಾ. ಆಟ ಬರಲ್ಲ, ಏನ್ ಹಾಕಿದ್ರೂ ಕಾಲ್ ಮಾಡ್ತಾರೆ, ಕೊನೆಗೆ ಲಕ್‌ನಲ್ಲಿ ಗೆಲ್ತಾರೆ." ಹೀಗೆ ಹೇಳುವವನು ಸಾಮಾನ್ಯವಾಗಿ ಸೆಮಿಸ್ಟರ್ ರಜೆಯಲ್ಲಿ ಕೂತು ಯೂಟ್ಯೂಬ್‌ನಲ್ಲಿ ಐವತ್ತು ಪೋಕರ್ ವಿಡಿಯೋ ನೋಡಿ ಮುಗಿಸಿದವನು. ರೇಂಜ್, ಬ್ಯಾಲೆನ್ಸ್, ಸಾಲ್ವರ್ ಅಂತೆಲ್ಲ ಮಾತಾಡ್ತಾನೆ. ಆಮೇಲೆ ನಿನ್ನೆ ತಾನೇ ಆಟ ಕಲಿತ ಫಸ್ಟ್ ಇಯರ್ ಹುಡುಗನ ಹತ್ತಿರ ಸೋತು, ರಾತ್ರಿ ಎರಡು ಗಂಟೆಗೆ ಕಾರಿಡಾರ್‌ನಲ್ಲಿ ಲಕ್ ಬಗ್ಗೆ ಭಾಷಣ ಮಾಡ್ತಾನೆ.

ಈ ಕಂಪ್ಲೇಂಟ್ ಬಗ್ಗೆ ನನಗೆ ಎರಡು ಮಾತು ಹೇಳೋದಿದೆ. ಒಂದು, ಎದುರಿನವನಿಗೆ ಆಟ ಬರಲ್ಲ ಅಂತ ಗೊತ್ತಿದ್ದೂ ಅವನಿಗೆ ತಕ್ಕ ಹಾಗೆ ನಮ್ಮ ಆಟ ಬದಲಾಯಿಸಿಕೊಳ್ಳದಿದ್ದರೆ, ಆಟ ಬರದೇ ಇರುವುದು ನಮಗೆ. ಎರಡು, ಹಾಗೆ ಬದಲಾಯಿಸಿಕೊಳ್ಳೋದು ಹೇಗೆ ಅಂತ ಸರಿಯಾಗಿ ಅರ್ಥವಾದ ಮೇಲೆ ಹಾಸ್ಟೆಲ್‌ನಲ್ಲಿ ದುಡ್ಡಿಟ್ಟು ಆಡೋದನ್ನು ಬಿಡಬೇಕು. ಇವೆರಡೂ ಒಂದಕ್ಕೊಂದು ವಿರುದ್ಧ ಅನ್ನಿಸಬಹುದು. ಅಲ್ಲ, ಎರಡನೆಯದು ಮೊದಲನೆಯದರಿಂದಲೇ ಹುಟ್ಟುತ್ತೆ. ಹೇಗೆ ಅಂತ ಹೇಳ್ತೀನಿ.

ಆಟ ಗೊತ್ತಿಲ್ಲದವರಿಗೆ

ನಾವು ಆಡೋದು ಟೆಕ್ಸಸ್ ಹೋಲ್ಡೆಮ್. ಪ್ರತಿಯೊಬ್ಬರಿಗೂ ಎರಡು ಎಲೆ ಮುಚ್ಚಿ ಹಂಚ್ತಾರೆ. ಆಮೇಲೆ ನಡುವೆ ಎಲ್ಲರಿಗೂ ಸೇರಿದ ಐದು ಎಲೆ ತೆರೀತಾರೆ. ಮೊದಲು ಮೂರು ಒಟ್ಟಿಗೆ, ಅದು ಫ್ಲಾಪ್. ಆಮೇಲೆ ಒಂದು, ಅದು ಟರ್ನ್. ಕೊನೆಯದು ರಿವರ್. ಪ್ರತಿ ಹಂತದಲ್ಲೂ ಬೆಟ್ ಇರುತ್ತೆ. ಎದುರಿನವನು ಬೆಟ್ ಹಾಕಿದಾಗ ನಿಮ್ಮ ಮುಂದೆ ಮೂರು ದಾರಿ: ಅಷ್ಟೇ ಹಾಕಿ ಉಳಿದುಕೊಳ್ಳೋದು ಕಾಲ್, ಇನ್ನೂ ಹೆಚ್ಚಿಸೋದು ರೇಸ್, ಎಲೆ ಮಡಚಿ ಬಿಟ್ಟುಕೊಡೋದು ಫೋಲ್ಡ್. ಕೊನೆಗೆ ಉಳಿದವರು ತಮ್ಮ ಎರಡು ಮತ್ತು ನಡುವಿನ ಐದು, ಒಟ್ಟು ಏಳು ಎಲೆಗಳಲ್ಲಿ ಚೆನ್ನಾಗಿರುವ ಐದನ್ನು ತೋರಿಸಬೇಕು. ನಡುವೆ ಸೇರಿದ ಒಟ್ಟು ಚಿಪ್ಸ್‌ಗೆ ಪಾಟ್ ಅಂತಾರೆ. ಎಲೆ ಚೆನ್ನಾಗಿಲ್ಲದಿದ್ದರೂ ಚೆನ್ನಾಗಿದೆ ಅನ್ನೋ ಹಾಗೆ ಬೆಟ್ ಹಾಕಿ ಎದುರಿನವನನ್ನು ಓಡಿಸೋದು ಬ್ಲಫ್. ಇಷ್ಟು ಸಾಕು.

ಯೂಟ್ಯೂಬ್ ಪೋಕರ್ ಯಾರ ವಿರುದ್ಧ?

ವಿಡಿಯೋಗಳಲ್ಲಿ ಕಲಿಸೋದು ಬಹುಪಾಲು ಜಿಟಿಒ. ಅಂದರೆ ಎದುರಿನವನು ಎಷ್ಟೇ ಬುದ್ಧಿವಂತನಾಗಿದ್ದರೂ ನಮ್ಮ ದೌರ್ಬಲ್ಯ ಹಿಡಿಯೋಕೆ ಆಗದ ಹಾಗೆ ಆಡೋದು. ಗೇಮ್ ಥಿಯರಿ ಇಲೆಕ್ಟಿವ್ ತಗೊಂಡವರಿಗೆ ಇದು ನ್ಯಾಶ್ ಈಕ್ವಿಲಿಬ್ರಿಯಂ ಅಂತ ಗೊತ್ತಿರುತ್ತೆ.

ಇದು ದೊಡ್ಡ ವಿಷಯವೇ, ಸುಳ್ಳಲ್ಲ. 2017ರ ಜನವರಿಯಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಬ್ರೇಟಸ್ ಅನ್ನೋ ಪ್ರೋಗ್ರಾಂ ನಾಲ್ಕು ಜನ ವೃತ್ತಿಪರ ಆಟಗಾರರನ್ನು ಒಬ್ಬರ ವಿರುದ್ಧ ಒಬ್ಬರು ಆಡುವ ಪೋಕರ್‌ನಲ್ಲಿ ಸೋಲಿಸಿತು. 20 ದಿನ, 1,20,000 ಆಟ. ಅದರಲ್ಲಿ ನನಗೆ ಇಷ್ಟವಾದ ವಿಷಯ ಬೇರೆ ಇದೆ. ಲಿಬ್ರೇಟಸ್ ಎದುರಾಳಿಗಳ ತಪ್ಪು ಹುಡುಕ್ತಾ ಕೂರಲಿಲ್ಲ. ಹಗಲು ಅವರು ತನ್ನ ಆಟದಲ್ಲಿ ಯಾವ ತೂತು ಹುಡುಕಿದರೋ ಅದನ್ನು ರಾತ್ರಿ ಕೂತು ಮುಚ್ಚಿಕೊಳ್ತಿತ್ತು. ಜಗತ್ತಿನ ಅತಿ ಚುರುಕು ಆಟಗಾರರ ಎದುರು ಹಾಗೇ ಆಡಬೇಕು.

ಆದರೆ ನಮ್ಮ ರೂಮಿನಲ್ಲಿ ಕೂತಿರೋರು ಯಾರು? ಚಿಕ್ಕವರಿದ್ದಾಗ ಆಡ್ತಿದ್ದ ಕಲ್ಲು-ಕಾಗದ-ಕತ್ತರಿ ನೆನಪು ಮಾಡ್ಕೊಳ್ಳಿ. ಆ ಆಟದ ಈಕ್ವಿಲಿಬ್ರಿಯಂ ಅಂದರೆ ಮೂರನ್ನೂ ಸಮ ಸಮವಾಗಿ, ಗೊತ್ತುಗುರಿ ಇಲ್ಲದೆ ಹಾಕೋದು. ಹಾಗೆ ಆಡಿದರೆ ಯಾರೂ ನಿಮ್ಮನ್ನು ದೀರ್ಘಕಾಲದಲ್ಲಿ ಸೋಲಿಸೋಕೆ ಆಗಲ್ಲ. ಈಗ ಎದುರಿಗೆ ಪ್ರತಿ ಸಲ ಕಲ್ಲೇ ಹಾಕುವ ತಮ್ಮ ಕೂತಿದ್ದಾನೆ ಅಂದ್ಕೊಳ್ಳಿ. ನೀವು ಸಮ ಸಮ ಹಾಕ್ತಾ ಕೂತರೆ ಗೆಲುವು ಸೋಲು ಸರಿಸಮ, ಕೈಗೆ ಸೊನ್ನೆ. ಬರೀ ಕಾಗದ ಹಾಕಿದರೆ ಎಲ್ಲವೂ ನಿಮ್ಮದೇ. ಪೋಕರ್‌ನಲ್ಲಿ ಇಷ್ಟು ಅತಿರೇಕ ಇಲ್ಲ, ಅಲ್ಲಿ ಈಕ್ವಿಲಿಬ್ರಿಯಂ ಆಡಿದರೂ ಎದುರಿನವನ ತಪ್ಪಿನಿಂದ ಒಂದಷ್ಟು ಲಾಭ ಬಂದೇ ಬರುತ್ತೆ. ಆದರೆ ಸಿಗಬಹುದಾದ ಅಷ್ಟೂ ಬರಲ್ಲ. ಇನ್ನೊಂದು ವಿಷಯ, ಈ ಸೋಲದೇ ಇರುವ ಗ್ಯಾರಂಟಿ ಇಬ್ಬರ ಆಟಕ್ಕೆ ಮಾತ್ರ. ಒಂದು ಮಂಚದ ಮೇಲೆ ಆರು ಜನ ಕೂತು ಆಡುವಾಗ ಆ ಗ್ಯಾರಂಟಿಯೇ ಇಲ್ಲ.

ಅಂದಮೇಲೆ ನಮ್ಮ ಯೂಟ್ಯೂಬ್ ಪಂಡಿತ ಮಾಡ್ತಿರೋದು ಏನು? ಬರೀ ಕಲ್ಲು ಹಾಕುವವನ ಎದುರು ಕತ್ತರಿ ಹಾಕಿ, "ಥಿಯರಿ ಪ್ರಕಾರ ಮೂರನೇ ಒಂದು ಭಾಗ ಕತ್ತರಿ ಹಾಕ್ಬೇಕಿತ್ತು" ಅಂತ ವಾದ ಮಾಡೋದು.

ಹೊಸಬರು ದಡ್ಡರಲ್ಲ, ಬೇರೆ ಆಟದಿಂದ ಬಂದವರು

ಇಂಗ್ಲಿಷ್ ಪೋಕರ್ ಭಾಷೆಯಲ್ಲಿ ಹೊಸಬನಿಗೆ ಮೀನು ಅಂತಾರೆ. ನಮ್ಮವರೂ ಅದನ್ನೇ ಕಲಿತಿದ್ದಾರೆ, "ಫಿಶ್ ಬಂದ ನೋಡು" ಅಂತ. ಈ ಪದ ಕೆಟ್ಟದ್ದು, ಮರ್ಯಾದೆ ಪ್ರಶ್ನೆ ಒಂದೇ ಕಾರಣಕ್ಕಲ್ಲ. ಮೀನು ಅಂದ ತಕ್ಷಣ ಅವನು ಯಾಕೆ ಹಾಗೆ ಆಡ್ತಾನೆ ಅನ್ನೋ ಪ್ರಶ್ನೆಯೇ ನಿಂತುಹೋಗುತ್ತೆ. ಆ ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಮಾತ್ರ ನಿಮ್ಮ ಆಟ ಸುಧಾರಿಸೋದು.

ನಮ್ಮ ಕಡೆ ಇಸ್ಪೀಟು ಎಲ್ಲರಿಗೂ ಸ್ವಲ್ಪ ಗೊತ್ತು. ಯುಗಾದಿಗೆ ಊರಿಗೆ ಹೋದರೆ ಅರಳಿಕಟ್ಟೆ ಮೇಲೆ ಆಡ್ತಿರ್ತಾರೆ, ದೀಪಾವಳಿಗೆ ಮನೆಯಲ್ಲೇ ಕಸಿನ್ಸ್ ಸೇರಿ ಆಡ್ತಾರೆ. ಅಂದರೆ ಪೋಕರ್‌ಗೆ ಹೊಸಬ ಅನ್ನಿಸಿಕೊಂಡವನು ಎಲೆಗೆ ಹೊಸಬ ಅಲ್ಲ. ಅವನು ತೀನ್ ಪತ್ತಿಯಿಂದಲೋ ರಮ್ಮಿಯಿಂದಲೋ ಬಂದಿರ್ತಾನೆ. ಆ ಆಟದಲ್ಲಿ ಸರಿಯಾಗಿದ್ದ ಬುದ್ಧಿಯನ್ನೇ ಇಲ್ಲಿಗೂ ತರ್ತಾನೆ.

ತೀನ್ ಪತ್ತಿ ತಗೊಳ್ಳಿ. ಮೂರು ಎಲೆ ಬಂದಾಗ ಅದರಲ್ಲಿ ಜೋಡಿಯೂ ಇಲ್ಲದೆ, ಸೀಕ್ವೆನ್ಸೂ ಇಲ್ಲದೆ, ಕಲರೂ ಇಲ್ಲದೆ ಬರೀ ದೊಡ್ಡ ಎಲೆ ಇರುವ ಸಾಧ್ಯತೆ ಸುಮಾರು 74%. ಜೋಡಿ ಬರೋದು ಸುಮಾರು 17%. ಹಾಗಾಗಿ ಅಲ್ಲಿ ಒಂದು ಜೋಡಿ ಸಿಕ್ಕಿತು ಅಂದರೆ ಅದು ನಿಜಕ್ಕೂ ಒಳ್ಳೆ ಕೈ. ಬಿಡಬಾರದು. ಈಗ ಹೋಲ್ಡೆಮ್‌ಗೆ ಬನ್ನಿ. ಏಳು ಎಲೆಯಲ್ಲಿ ಬರೀ ದೊಡ್ಡ ಎಲೆ ಉಳಿಯುವ ಸಾಧ್ಯತೆ ಸುಮಾರು 17% ಮಾತ್ರ. ಒಂದು ಜೋಡಿ 44% ಹತ್ತಿರ, ಎರಡು ಜೋಡಿ 23% ಮೇಲೆ. ಅಲ್ಲಿ ಅಪರೂಪವಾಗಿದ್ದ ಜೋಡಿ ಇಲ್ಲಿ ಬೀದಿಬೀದಿಯಲ್ಲಿ ಸಿಗುತ್ತೆ. ಆದರೆ ಹೊಸಬನ ಮನಸ್ಸು ಇನ್ನೂ ಮೂರೆಲೆ ಲೆಕ್ಕದಲ್ಲೇ ಇದೆ. ಅವನ ಕೈಲಿ ನಾಲ್ಕರ ಜೋಡಿ ಬಂದರೂ "ಬಂತಲ್ಲಾ!" ಅಂತ ಕೊನೇವರೆಗೂ ಕಾಲ್ ಮಾಡ್ತಾನೆ.

ಇನ್ನೊಂದು ತಮಾಷೆ ಇದೆ. ತೀನ್ ಪತ್ತಿಯಲ್ಲಿ ಸೀಕ್ವೆನ್ಸ್ ದೊಡ್ಡದು, ಕಲರ್ ಚಿಕ್ಕದು. ಪೋಕರ್‌ನಲ್ಲಿ ಉಲ್ಟಾ, ಕಲರ್ ಅಂದರೆ ಫ್ಲಶ್, ಅದು ಸ್ಟ್ರೈಟ್‌ನ ಹೊಡೆಯುತ್ತೆ. ನಡುವೆ ಮೂರು ಇಸ್ಪೀಟ್ ಎಲೆ ಕೂತಿದ್ದರೂ ತನ್ನ ಸ್ಟ್ರೈಟ್ ಮೇಲೆ ಎಲ್ಲ ಚಿಪ್ಸ್ ತಳ್ಳುವ ಹುಡುಗನನ್ನು ನಮ್ಮ ಫ್ಲೋರಲ್ಲೇ ನೋಡಿದ್ದೀನಿ. ಅದು ಧೈರ್ಯವೂ ಅಲ್ಲ, ದಡ್ಡತನವೂ ಅಲ್ಲ. ಹಳೇ ಆಟದ ಪಟ್ಟಿ ತಲೆಯಲ್ಲಿ ಹಾಗೇ ಉಳಿದಿದೆ, ಅಷ್ಟೇ.

ರಮ್ಮಿಯಿಂದ ಬಂದವನ ಕಥೆ ಬೇರೆ. ಹದಿಮೂರು ಎಲೆ ರಮ್ಮಿಯಲ್ಲಿ ಮೊದಲೇ ಡ್ರಾಪ್ ಮಾಡಿದರೆ 20 ಪಾಯಿಂಟ್, ಮಧ್ಯದಲ್ಲಿ ಬಿಟ್ಟರೆ 40, ಪೂರ್ತಿ ಸೋತರೆ ಹೆಚ್ಚೆಂದರೆ 80. ಅಂದರೆ ಆಟದಲ್ಲಿ ಉಳಿಯೋಕೆ ಬೆಲೆ ಎಷ್ಟು ಅಂತ ಮೊದಲೇ ಬರೆದಿಟ್ಟಿದೆ. ಅದಕ್ಕೇ ಅವನಿಗೆ ಎಲೆ ಎಳೆದು ಎಳೆದು ಸೆಟ್ ಮಾಡಿಕೊಳ್ಳೋ ಅಭ್ಯಾಸ. ಪೋಕರ್‌ನಲ್ಲಿ ಮುಂದಿನ ಎಲೆ ನೋಡೋಕೆ ಎಷ್ಟು ಕೊಡಬೇಕು ಅಂತ ತೀರ್ಮಾನಿಸೋದು ಎದುರಿನವನು. ಈ ವ್ಯತ್ಯಾಸ ಅವನಿಗೆ ಇನ್ನೂ ತಟ್ಟಿರಲ್ಲ.

ಇಷ್ಟು ಗೊತ್ತಾದರೆ, "ಸುಮ್ನೆ ಕಾಲ್ ಮಾಡ್ತಾರೆ" ಅನ್ನೋ ಮಾತು ಬೈಗುಳದಿಂದ ಡೇಟಾ ಆಗಿ ಬದಲಾಗುತ್ತೆ.

ಹಾಗಾದರೆ ಏನು ಬದಲಾಯಿಸಬೇಕು?

ಮೊದಲು ಬ್ಲಫ್ ನಿಲ್ಲಿಸಿ. ಪಾಟ್‌ನಲ್ಲಿ 100 ಚಿಪ್ಸ್ ಇದೆ, ನಿಮ್ಮ ಕೈಲಿ ಏನೂ ಇಲ್ಲ, 50 ಬೆಟ್ ಹಾಕ್ತೀರಿ. 100 ಗೆಲ್ಲೋಕೆ 50 ಪಣ. ಇದು ನಷ್ಟವಾಗದಿರಬೇಕಾದರೆ ಎದುರಿನವನು ಮೂರರಲ್ಲಿ ಒಂದು ಸಲವಾದರೂ ಫೋಲ್ಡ್ ಮಾಡಬೇಕು. ನಮ್ಮ ಕಾಲ್ ರಾಜ ಹತ್ತರಲ್ಲಿ ಒಂದು ಸಲ ಮಾಡ್ತಾನೆ ಅಂದ್ಕೊಳ್ಳಿ. ಆಗ 0.1 × 100 ಕಳೆಯಿರಿ 0.9 × 50, ಅಂದರೆ ಪ್ರತಿ ಬ್ಲಫ್‌ಗೂ ಸರಾಸರಿ 35 ಚಿಪ್ಸ್ ನಷ್ಟ. ಎದುರಿಗೆ ಐದು ಜನ ಇದ್ದು, ಒಬ್ಬೊಬ್ಬರೂ ಅರ್ಧ ಸಲ ಫೋಲ್ಡ್ ಮಾಡುವ ಒಳ್ಳೆಯವರೇ ಆಗಿದ್ದರೂ ಐವರೂ ಒಟ್ಟಿಗೆ ಫೋಲ್ಡ್ ಮಾಡೋದು 32ರಲ್ಲಿ ಒಂದು ಸಲ. ಕಿವಿ ಕೇಳದವನ ಮುಂದೆ ಎಷ್ಟು ಒಳ್ಳೆ ಸುಳ್ಳು ಹೇಳಿ ಏನು ಪ್ರಯೋಜನ? ಬ್ಲಫ್ ಅನ್ನೋದು ಒಂದು ಕಥೆ. ಕೇಳುವವನು ನಿಮ್ಮ ಎಲೆ ಏನಿರಬಹುದು ಅಂತ ಯೋಚಿಸ್ತಿದ್ದರೆ ಮಾತ್ರ ಅದು ನಡೆಯುತ್ತೆ. ಹೊಸಬ ಯೋಚಿಸೋದು ತನ್ನ ಎಲೆ ಬಗ್ಗೆ ಮಾತ್ರ.

ಎರಡನೆಯದು, ಕೈ ಚೆನ್ನಾಗಿದ್ದಾಗ ನಾಚಿಕೆ ಬಿಟ್ಟು ದೊಡ್ಡದಾಗಿ ಹಾಕಿ. ಪಂಡಿತರಿಗೆ ಒಳ್ಳೆ ಕೈ ಬಂದಾಗ ಸುಮ್ಮನೆ ಚೆಕ್ ಮಾಡಿ ಬಲೆ ಹಾಕೋ ಚಟ ಇರುತ್ತೆ. ತಾನಾಗಿಯೇ ಬಂದು ಬೀಳುವವನಿಗೆ ಬಲೆ ಯಾಕೆ? ರಿವರ್‌ನಲ್ಲಿ ನಿಮ್ಮ ಹತ್ತಿರ ಎಕ್ಕದ ಜೋಡಿ ಇದೆ ಅಂದ್ಕೊಳ್ಳಿ. ಅವನು ಯಾವ ಜೋಡಿ ಇದ್ದರೂ ಕಾಲ್ ಮಾಡ್ತಾನೆ. ಅವನು ಕಾಲ್ ಮಾಡಿದ 100 ಸಲದಲ್ಲಿ 65 ಸಲ ನಿಮ್ಮದೇ ಮೇಲು ಅಂತ ಇಟ್ಟುಕೊಂಡರೆ, 50 ಹಾಕಿದಾಗ ಸರಾಸರಿ ಲಾಭ 15. 100 ಹಾಕಿದಾಗ 30. ಬೆಟ್ ದೊಡ್ಡದಾದರೆ ಬುದ್ಧಿವಂತ ಹೆದರಿ ಫೋಲ್ಡ್ ಮಾಡ್ತಾನೆ, ಅದಕ್ಕೇ ಅವನ ಮುಂದೆ ಅಳೆದು ಹಾಕಬೇಕು. ಹೊಸಬ ನೋಡೋದು ತನ್ನ ಕೈಯನ್ನ, ಬೆಟ್ಟಿನ ಸೈಜನ್ನಲ್ಲ. ಅವನಿಗೆ 50 ಆದ್ರೂ ಒಂದೇ, 100 ಆದ್ರೂ ಒಂದೇ.

ಮೂರನೆಯದು ಡ್ರಾ ಲೆಕ್ಕ. ಇದು ನನಗೆ ಪೋಕರ್‌ನಲ್ಲಿ ಅತ್ಯಂತ ಇಷ್ಟವಾದ ಭಾಗ. ಟರ್ನ್ ಆಗಿದೆ. ಎದುರಿನವನಿಗೆ ಫ್ಲಶ್ ಆಗೋಕೆ ಇನ್ನೊಂದು ಎಲೆ ಬೇಕು. ಕಾಣದ 46 ಎಲೆಗಳಲ್ಲಿ ಅವನಿಗೆ ಬೇಕಾದ್ದು 9, ಅಂದರೆ ಸುಮಾರು 20%. ಪಾಟ್ 100 ಇದೆ. ನೀವು ಹೆದರಿಕೊಂಡು 20 ಹಾಕಿದರೆ, ಅವನು 20 ಕೊಟ್ಟು 120 ಗೆಲ್ಲೋಕೆ ನೋಡ್ತಾನೆ. ಅದಕ್ಕೆ ಸುಮಾರು 14% ಅವಕಾಶ ಸಾಕು. ಅವನ ಕಾಲ್ ಸರಿ! ನಿಮ್ಮ ಪುಟಾಣಿ ಬೆಟ್ಟೇ ಅವನನ್ನು ಜಾಣನನ್ನಾಗಿ ಮಾಡಿತು. ಅದೇ ನೀವು 100 ಹಾಕಿದರೆ ಅವನಿಗೆ 33% ಬೇಕು, ಇರೋದು 20. ಅವನು ಆದರೂ ಕಾಲ್ ಮಾಡ್ತಾನೆ, ಯಾಕಂದ್ರೆ ಎಲೆ ಎಳೆಯೋ ಅಭ್ಯಾಸ. ಆ ಒಂದು ಕಾಲ್‌ನಲ್ಲಿ ಅವನು ಸರಾಸರಿ 41 ಚಿಪ್ಸ್ ಕಳೀತಾನೆ. ಐದರಲ್ಲಿ ಒಂದು ಸಲ ಅವನ ಫ್ಲಶ್ ಬಂದೇ ಬರುತ್ತೆ, ಆಗ ನೀವು ಸೋಲ್ತೀರಿ. ಕಾರಿಡಾರ್ ಭಾಷಣ ಶುರುವಾಗೋದು ಆ ಒಂದು ಸಲಕ್ಕೆ. ಉಳಿದ ನಾಲ್ಕು ಸಲದ ಬಗ್ಗೆ ಯಾರೂ ಭಾಷಣ ಮಾಡಲ್ಲ.

ನಾಲ್ಕನೆಯದು, ಅವನು ರೇಸ್ ಮಾಡಿದರೆ ನಂಬಿ. ರಾತ್ರಿಯೆಲ್ಲ ಬರೀ ಕಾಲ್ ಮಾಡ್ತಿದ್ದವನು ಇದ್ದಕ್ಕಿದ್ದಂತೆ ರಿವರ್‌ನಲ್ಲಿ ಮೂರು ಪಟ್ಟು ಹೆಚ್ಚಿಸಿದ ಅಂದರೆ ಅವನ ಹತ್ತಿರ ಇದೆ. ಬ್ಲಫ್ ಮಾಡ್ತಿರಬಹುದು ಅಂತ ನಾವು ಅಂದ್ಕೊಳ್ಳೋದು ಅವನ ಜಾಗದಲ್ಲಿ ನಮ್ಮನ್ನೇ ಕೂರಿಸಿಕೊಂಡು ಯೋಚಿಸೋದ್ರಿಂದ. ಅವನ ಜಾಗದಲ್ಲಿ ಅವನನ್ನೇ ಕೂರಿಸಿ. ಎಕ್ಕದ ಜೋಡಿ ಇದ್ದರೂ ಮಡಚಿ, ನೀರು ಕುಡಿದು, ಮುಂದಿನ ಆಟಕ್ಕೆ ಬನ್ನಿ.

ಐದನೆಯದು, ಯಾವ ಎಲೆಗೆ ಎಷ್ಟು ಆಸೆ ಇಟ್ಟುಕೊಳ್ಳಬೇಕು ಅನ್ನೋದು. ಕೈಲಿ ಎರಡು ಎಕ್ಕ ಬರೋದು 221 ಸಲಕ್ಕೆ ಒಂದು ಸಲ. ಒಬ್ಬನ ಎದುರು, ಅವನ ಎಲೆ ಯಾವುದೇ ಇರಲಿ, ಅದು ಸುಮಾರು 85% ಗೆಲ್ಲುತ್ತೆ. ಆದರೆ ಐದು ಜನ ಉಳಿದುಕೊಂಡರೆ ಅದೇ ಎಕ್ಕದ ಜೋಡಿ ಗೆಲ್ಲೋದು ಅರ್ಧದಷ್ಟು ಸಲ ಮಾತ್ರ. ಇದು ಅನ್ಯಾಯ ಅಲ್ಲ. ಆರು ಜನ ಹಾಕಿದ ಪಾಟನ್ನು ಅರ್ಧ ಸಲ ಗೆಲ್ಲೋದು ತುಂಬಾ ಒಳ್ಳೆ ವ್ಯಾಪಾರ, ಆದರೆ ಉಳಿದರ್ಧ ಸಲ ಸೋಲೋಕೆ ರೆಡಿ ಇರಬೇಕು. ಹಾಗೇ, ಕಾಲ್ ಮಾಡುವವರ ನಡುವೆ ಚಿಕ್ಕ ಜೋಡಿಗಳಿಗೆ ಬೆಲೆ ಜಾಸ್ತಿ. ಫ್ಲಾಪ್‌ನಲ್ಲಿ ಅದೇ ಎಲೆ ಇನ್ನೊಂದು ಬಂದು ಮೂರಾಗೋದು ಎಂಟೂವರೆ ಸಲಕ್ಕೆ ಒಂದು ಸಲ. ಬರದಿದ್ದರೆ ಸಲೀಸಾಗಿ ಬಿಡಿ, ಬಂದರೆ ಕಾಲ್ ರಾಜರು ಚೆನ್ನಾಗಿಯೇ ಕೊಡ್ತಾರೆ.

ಒಂದು ಎಚ್ಚರಿಕೆ. ಹೊಸಬರೆಲ್ಲ ಒಂದೇ ಥರ ಅಲ್ಲ. ಕೆಲವರು ತುಂಬಾ ಅಂಜುಬುರುಕರು, ದೊಡ್ಡ ಬೆಟ್ ಕಂಡರೆ ಎಲೆ ಬಿಸಾಕ್ತಾರೆ. ಅವರ ಮುಂದೆ ಬ್ಲಫ್ ಚೆನ್ನಾಗಿ ನಡೆಯುತ್ತೆ, ದೊಡ್ಡ ವ್ಯಾಲ್ಯೂ ಬೆಟ್ ನಡೆಯಲ್ಲ. ಇನ್ನು ಕೆಲವರು ಮಜಾ ಬರಲಿ ಅಂತ ಪ್ರತಿ ಸಲ ಆಲ್ ಇನ್. ಅವರ ಮುಂದೆ ಒಳ್ಳೆ ಕೈ ಬರೋವರೆಗೂ ಕಾದು ಕೂರಬೇಕು. ಯಾರು ಯಾವ ಥರ ಅಂತ ತಿಳಿಯೋಕೆ ಮೊದಲ ಅರ್ಧ ಗಂಟೆ ಫೋನ್ ಕೆಳಗಿಟ್ಟು ನೋಡಿದರೆ ಸಾಕು. ಇಪ್ಪತ್ತು ಸಲ ಹಂಚಿದಾಗ ಎಷ್ಟು ಸಲ ಆಟಕ್ಕೆ ಬಂದ? ಕೊನೆಗೆ ಎಲೆ ತೋರಿಸಿದಾಗ ಏನಿತ್ತು? ಎಲೆ ತೋರಿಸುವ ಆ ಕ್ಷಣದಲ್ಲಿ ಎದುರಿನವನು ತನ್ನ ಯೋಚನೆಯನ್ನೇ ನಿಮ್ಮ ಮುಂದೆ ಇಡ್ತಾನೆ. ಆ ಕ್ಷಣದಲ್ಲೇ ನಮ್ಮವರು ರೀಲ್ಸ್ ನೋಡ್ತಿರ್ತಾರೆ.

ಒಂದು ರಾತ್ರಿಯ ಫಲಿತಾಂಶಕ್ಕೆ ಬೆಲೆ ಎಷ್ಟು?

ಇಷ್ಟೆಲ್ಲ ಮಾಡಿದರೂ ಇವತ್ತು ರಾತ್ರಿ ಸೋಲಬಹುದು. ಲಿಬ್ರೇಟಸ್ ಮೇಲುಗೈ ಸಾಧಿಸಿದೆ ಅಂತ ನಂಬಿಕೆಯಿಂದ ಹೇಳೋಕೆ 1,20,000 ಆಟ ಆಡಿಸಿದರು. ನಮ್ಮ ರೂಮಿನಲ್ಲಿ ಚುರುಮುರಿ ತಿಂತಾ, ಜಗಳ ಆಡ್ತಾ ಒಂದು ರಾತ್ರಿಗೆ ಅರವತ್ತು ಆಟ ಆದರೆ ಹೆಚ್ಚು. ಅರವತ್ತು ಆಟದಲ್ಲಿ ಸಿಗ್ನಲ್ ಕಾಣಲ್ಲ, ಬರೀ ನಾಯ್ಸ್. "ನಾನು ನಿನ್ನೆ ಗೆದ್ದೆ, ನನಗೆ ಆಟ ಬರುತ್ತೆ" ಅನ್ನೋದೂ ತಪ್ಪು, "ಅವನು ಗೆದ್ದ, ಬರೀ ಲಕ್" ಅನ್ನೋದೂ ಅಷ್ಟೇ ತಪ್ಪು. ಫಲಿತಾಂಶ ಬಿಟ್ಟು ನಿರ್ಧಾರವನ್ನು ನೋಡಬೇಕು. 20% ಅವಕಾಶಕ್ಕೆ 33% ಬೆಲೆ ಕೊಟ್ಟವನು ಗೆದ್ದರೂ ಅವನ ನಿರ್ಧಾರ ತಪ್ಪೇ. ಆ ಬೆಲೆ ಅವನ ಮುಂದಿಟ್ಟ ನೀವು ಸೋತರೂ ಮಾಡಿದ್ದು ಸರಿಯೇ. ಇಂಟರ್ನಲ್ಸ್‌ನಲ್ಲಿ ಗೆಸ್ ಹೊಡೆದು ಪಾಸಾದವನನ್ನು ನೋಡಿ ಓದೋದು ಬಿಟ್ಟರೆ ಏನಾಗುತ್ತೆ ಅಂತ ನಮಗೆಲ್ಲ ಗೊತ್ತಲ್ವಾ?

ಈಗ ದುಡ್ಡಿನ ಮಾತು

ಇಲ್ಲಿವರೆಗೂ ನಾನು ಬೇಕಂತಲೇ ಚಿಪ್ಸ್ ಅಂತ ಬರೆದೆ, ರೂಪಾಯಿ ಅಂತ ಬರೆಯಲಿಲ್ಲ. ಆದರೆ ಕೆಲವು ರೂಮುಗಳಲ್ಲಿ ಇಪ್ಪತ್ತು ರೂಪಾಯಿ, ಐವತ್ತು ರೂಪಾಯಿ ಬೈ-ಇನ್ ಇಟ್ಟು ಆಡ್ತಾರೆ ಅನ್ನೋದು ವಾರ್ಡನ್ ಒಬ್ಬರಿಗೆ ಬಿಟ್ಟು ಎಲ್ಲರಿಗೂ ಗೊತ್ತು. ಕೇಳಿದರೆ ಬರುವ ಉತ್ತರ ಎರಡು: "ಸ್ವಲ್ಪ ತಾನೆ," ಮತ್ತು "ಇದು ಜೂಜಲ್ಲ ಮಗಾ, ಸ್ಕಿಲ್ ಗೇಮ್."

ಸ್ಕಿಲ್ ಗೇಮ್ ಅನ್ನೋ ವಾದ ಕೋರ್ಟಿನಿಂದ ಬಂದಿದ್ದು. 1967ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿ ಮುಖ್ಯವಾಗಿ ಕೌಶಲದ ಆಟ ಅಂತ ಹೇಳಿತು. ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡಿನ ಆನ್‌ಲೈನ್ ಆಟಗಳನ್ನು ನಿಷೇಧಿಸಿದಾಗ, ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಅಲ್ಲೂ ಕೌಶಲ ಮತ್ತು ಅದೃಷ್ಟದ ವ್ಯತ್ಯಾಸವೇ ದೊಡ್ಡ ಪ್ರಶ್ನೆ. ಆಮೇಲೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಹೊಸ ಕಾಯ್ದೆ ಪಾಸ್ ಮಾಡಿತು. ಕೌಶಲವೋ ಅದೃಷ್ಟವೋ, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟವೇ ಬೇಡ ಅಂತ ಅದು ಹೇಳುತ್ತೆ. ಆ್ಯಪ್‌ಗಳು ದುಡ್ಡಿನ ಟೇಬಲ್ ಮುಚ್ಚಿದವು. ನಮ್ಮವರು ಕೆಲವರು ಮಂಚದ ಮೇಲಿನ ಆಟಕ್ಕೆ ವಾಪಸ್ ಬಂದರು.

ಕಾನೂನು ಪಕ್ಕಕ್ಕಿಡಿ. ನನ್ನ ತಕರಾರು ಆ ಸ್ಕಿಲ್ ಅನ್ನೋ ಪದದ ಮೇಲೇ ಇದೆ. ಪೋಕರ್ ನಿಜಕ್ಕೂ ಕೌಶಲದ ಆಟ ಅಂತ ನಾನೂ ನಂಬ್ತೀನಿ, ಮೇಲೆ ಅಷ್ಟುದ್ದ ಬರೆದಿದ್ದೇ ಅದನ್ನು. ಹಾಗಾದರೆ ಯೋಚಿಸಿ. ಲಾಟರಿಯಾದರೆ ಥರ್ಡ್ ಇಯರ್‌ನವನಿಗೂ ಫಸ್ಟ್ ಇಯರ್‌ನವನಿಗೂ ಗೆಲ್ಲುವ ಅವಕಾಶ ಒಂದೇ. ಕೌಶಲದ ಆಟದಲ್ಲಿ ಹಾಗಲ್ಲ. ಕೌಶಲ ಇದ್ದವನ ಲಾಭ ಎಲ್ಲಿಂದ ಬರುತ್ತೆ? ಇಲ್ಲದವನ ತಪ್ಪಿನಿಂದ. ಮೇಲೆ ಲೆಕ್ಕ ಹಾಕಿದ ಆ 41 ಚಿಪ್ಸ್ ಆಕಾಶದಿಂದ ಬೀಳಲ್ಲ, ಫ್ಲಶ್ ಡ್ರಾ ಲೆಕ್ಕ ಗೊತ್ತಿಲ್ಲದ ಹುಡುಗನ ಜೇಬಿನಿಂದ ಬರುತ್ತೆ. ಅವನು ಮುಂದಿನ ಸಲವೂ ಕಾಲ್ ಮಾಡ್ತಾನೆ ಅಂತ ನಿಮಗೆ ಮೊದಲೇ ಗೊತ್ತು. ಗೊತ್ತಿದ್ದೂ ಕರೆದು ಕೂರಿಸಿಕೊಂಡರೆ ಅದು ಆಟ ಅಲ್ಲ, ವಸೂಲಿ. ಸ್ಕಿಲ್ ಗೇಮ್ ಅನ್ನೋ ವಾದ ಕೋರ್ಟಿನಲ್ಲಿ ನಮ್ಮ ಪರ ನಿಲ್ಲಬಹುದು. ಹಾಸ್ಟೆಲ್ ರೂಮಿನಲ್ಲಿ ಅದು ನಮ್ಮ ವಿರುದ್ಧವೇ ಸಾಕ್ಷಿ ಹೇಳುತ್ತೆ.

ಕ್ಯಾಸಿನೋದಲ್ಲೂ ಹೊಸಬರು ಸೋಲ್ತಾರಲ್ಲ, ಅಂತ ಕೇಳಬಹುದು. ಅಲ್ಲಿಗೆ ಬರುವವನು ಆಟ ಆಡೋಕೆ ಅಂತಲೇ ಬರ್ತಾನೆ, ಸಾಕು ಅನ್ನಿಸಿದರೆ ಎದ್ದು ಹೋಗ್ತಾನೆ. ನಮ್ಮ ರೂಮಿಗೆ ಬರುವ ಫಸ್ಟ್ ಇಯರ್ ಹುಡುಗ ಬರೋದು ಪೋಕರ್‌ಗಲ್ಲ, ಫ್ರೆಂಡ್ಸ್ ಸಿಗಲಿ ಅಂತ. ಬೀದರ್‌ನಿಂದಲೋ ಶಿರಸಿಯಿಂದಲೋ ಬಂದು ಇನ್ನೂ ಯಾರೂ ಪರಿಚಯ ಇಲ್ಲದ ಹುಡುಗನಿಗೆ ಸೀನಿಯರ್ "ಬಾರೋ, ಕೂತ್ಕೋ" ಅಂದರೆ ಅದೇ ದೊಡ್ಡ ಸಂತೋಷ. ಎದ್ದು ಹೋಗೋದೂ ಒಂದು ಫೋಲ್ಡ್. ಎಲೆ ಮಡಚೋದಕ್ಕಿಂತ ಆ ಫೋಲ್ಡ್ ಕಷ್ಟ. "ಅಣ್ಣಾ, ನನ್ನ ಹತ್ರ ದುಡ್ಡಿಲ್ಲ, ಸಾಕು" ಅಂತ ಮೂರು ಜನ ಸೀನಿಯರ್ ಮುಂದೆ ಹೇಳೋಕೆ ಅವನಿಗೆ ಬಾಯಿ ಬರಲ್ಲ. ಇನ್ನೊಂದು ಐವತ್ತು ಹಾಕ್ತಾನೆ. ನಮಗೆ ಐವತ್ತು ಅಂದರೆ ಸ್ವಲ್ಪ. ಮನೆಯಿಂದ ತಿಂಗಳಿಗೆ ಎಣಿಸಿ ಕಳಿಸೋ ದುಡ್ಡಿನಲ್ಲಿ ಬದುಕೋನಿಗೆ ಅದು ಎರಡು ದಿನದ ಸಂಜೆ ತಿಂಡಿ. "ಸ್ವಲ್ಪ ತಾನೆ" ಅಂತ ಹೇಳುವ ಹಕ್ಕು ಗೆಲ್ಲುವವನಿಗೆ ಇಲ್ಲ.

ಪಣ ಇಲ್ಲದೆ ಪೋಕರ್ ಹೇಗೆ?

ಇದು ನ್ಯಾಯವಾದ ಪ್ರಶ್ನೆ. ಕಳೆದುಕೊಳ್ಳೋಕೆ ಏನೂ ಇಲ್ಲದಿದ್ದರೆ ಎಲ್ಲರೂ ಎಲ್ಲದಕ್ಕೂ ಕಾಲ್ ಮಾಡ್ತಾರೆ, ಆಟ ಹಳ್ಳ ಹಿಡಿಯುತ್ತೆ. ಹಾಗಾಗಿ ಪಣ ಬೇಕು, ಆದರೆ ಅದು ದುಡ್ಡೇ ಆಗಬೇಕಿಲ್ಲ. ನನ್ನ ಸಲಹೆ ಸಿಂಪಲ್. ಎಲ್ಲರಿಗೂ ಸಮ ಚಿಪ್ಸ್, ಹುಣಸೆ ಬೀಜ ಆದರೂ ನಡೆಯುತ್ತೆ. ಮುಗಿದರೆ ಮುಗೀತು, ಮತ್ತೆ ಕೊಂಡುಕೊಳ್ಳೋಕಿಲ್ಲ. ಗೋಡೆ ಮೇಲೆ ಒಂದು ಪಟ್ಟಿ, ಪ್ರತಿ ರಾತ್ರಿಯ ಸ್ಥಾನಕ್ಕೆ ಪಾಯಿಂಟ್. ಹತ್ತು ರಾತ್ರಿ ಆದ ಮೇಲೆ ಕೊನೆಯ ಇಬ್ಬರು ಒಂದು ವಾರ ಇಪ್ಪತ್ತು ಲೀಟರ್ ನೀರಿನ ಕ್ಯಾನ್ ಮೇಲೆ ಹೊತ್ತು ತರಬೇಕು. ಲಿಫ್ಟ್ ಇಲ್ಲದ ಹಾಸ್ಟೆಲ್‌ನಲ್ಲಿ ಇದಕ್ಕಿಂತ ದೊಡ್ಡ ಪಣ ಯಾವುದಿದೆ ಹೇಳಿ? ಒಂದೇ ರಾತ್ರಿಯ ಬದಲು ಹತ್ತು ರಾತ್ರಿ ಲೆಕ್ಕ ಇಡೋದ್ರಿಂದ ನಾಯ್ಸ್ ಕೂಡ ಸ್ವಲ್ಪ ಕಡಿಮೆ ಆಗುತ್ತೆ.

ಇನ್ನೊಂದು ನಿಯಮ ಸೇರಿಸಿ. ದೊಡ್ಡ ಪಾಟ್ ಮುಗಿದ ಮೇಲೆ ಆಡಿದ ಇಬ್ಬರೂ ಎಲೆ ತೋರಿಸಿ, ಯಾಕೆ ಹಾಗೆ ಆಡಿದೆ ಅಂತ ಎರಡು ನಿಮಿಷ ಮಾತಾಡಬೇಕು. "ನಿನಗೆ 9 ಎಲೆ ಬೇಕಿತ್ತು, ಉಳಿದಿದ್ದು 46, ನೀನು ಎಷ್ಟು ಕೊಟ್ಟೆ ನೋಡು" ಅಂತ ಒಂದು ಸಲ ಹೇಳಿಕೊಟ್ಟರೆ ಸಾಕು. ಅವನೂ ಜೆಇಇ, ಸಿಇಟಿ ಬರೆದು ಬಂದವನು, ಪ್ರಾಬಬಿಲಿಟಿ ಗೊತ್ತಿಲ್ಲದವನಲ್ಲ. ಒಂದು ವಾರದಲ್ಲಿ ಹಿಡೀತಾನೆ.

ಹಾಗೆ ಹೇಳಿಕೊಟ್ಟರೆ ನಮ್ಮ ಲಾಭ ಹೋಗುತ್ತಲ್ಲ ಅಂತೀರಾ? ದುಡ್ಡಿನ ಆಟವಾಗಿದ್ದರೆ ಹೋಗ್ತಿತ್ತು. ದುಡ್ಡು ಬಂದ ತಕ್ಷಣ ಎದುರಿನವನು ಕಲಿಯದೇ ಇರೋದರಲ್ಲಿ ನಮಗೆ ಲಾಭ ಇರುತ್ತೆ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಜೂನಿಯರ್ ಕಲಿಯದೇ ಇರಲಿ ಅಂತ ಸೀನಿಯರ್ ಒಳಗೊಳಗೇ ಬಯಸುವ ಆಟ ನನಗಂತೂ ಬೇಡ. ದುಡ್ಡು ತೆಗೆದುಬಿಟ್ಟರೆ ಆ ಬಯಕೆಯೂ ಹೋಗುತ್ತೆ. ಅವನು ಬೆಳೆದಷ್ಟೂ ನಿಮ್ಮ ಆಟಕ್ಕೆ ಒಳ್ಳೆಯದು. ಇವತ್ತು ಕಾಗದ ಹಾಕಿ ಗೆದ್ದಿರಿ, ನಾಳೆ ಅವನು ಕತ್ತರಿ ಹಾಕೋದು ಕಲೀತಾನೆ, ನಾಡಿದ್ದು ನೀವು ಮತ್ತೆ ಬದಲಾಗಬೇಕು.

ಯೂಟ್ಯೂಬ್ ಪಂಡಿತರಿಗೂ ಇದರಲ್ಲಿ ಸಿಹಿ ಸುದ್ದಿ ಇದೆ. ನಿಮ್ಮ ಆ ಬಣ್ಣ ಬಣ್ಣದ ಬ್ಲಫ್‌ಗಳು ನಡೆಯಬೇಕಾದರೆ ಎದುರಿಗೆ ಫೋಲ್ಡ್ ಮಾಡೋಕೆ ಬರುವ ಒಬ್ಬ ಆಟಗಾರ ಬೇಕು. ಅವನು ಎಲ್ಲೂ ರೆಡಿಮೇಡ್ ಸಿಗಲ್ಲ. ನೀವೇ ಕಲಿಸಿ ತಯಾರು ಮಾಡಬೇಕು.